ಹೇಳಿ ಹೋಗುವುದೋ, ಕೇಳಿ ಹೋಗುವುದೋ: ಕಿರುಪ್ರಬಂಧದ ಮೊದಲ ತಿಂಗಳು

ಓದುಗರ ಪ್ರಶ್ನೆ: ನಾನು ಸಮಾಜಶಾಸ್ತ್ರ ಎಂ.ಎ. ಕೊನೆಯ ವರ್ಷದ ವಿದ್ಯಾರ್ಥಿನಿ. ಊರು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಕಿರುಪ್ರಬಂಧಕ್ಕೆ ‘ಶಕ್ತಿ ಯೋಜನೆ ಮತ್ತು ಮಹಿಳಾ ಸಬಲೀಕರಣ: ಒಂದು ಸಮಾಜಶಾಸ್ತ್ರೀಯ ಅಧ್ಯಯನ’ ಎಂಬ ವಿಷಯ ಸಿಕ್ಕಿದೆ. ನಾಲ್ಕು ತಿಂಗಳು ಸಮಯವಿದೆ. ಬಸ್ ನಿಲ್ದಾಣದಲ್ಲಿ 200 ಮಹಿಳೆಯರಿಂದ ಪ್ರಶ್ನಾವಳಿ ತುಂಬಿಸಿಕೊಳ್ಳಬೇಕೆಂದಿದ್ದೇನೆ. ಆದರೆ ಗೈಡ್ ಮೇಡಂ ಮೊದಲು 30 ಪುಟ ಸಾಹಿತ್ಯ ಸಮೀಕ್ಷೆ ಬರೆದು ತೋರಿಸಿ ಅಂದಿದ್ದಾರೆ. ನಲವತ್ತು ಪಿಡಿಎಫ್ ಇಳಿಸಿಕೊಂಡು ಕೂತಿದ್ದೇನೆ, ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನಮ್ಮ ಊರಲ್ಲೇ ಅಧ್ಯಯನ ಮಾಡಬಹುದಾ ಸರ್?

ಉತ್ತರ:

ಆ ನಲವತ್ತು ಪಿಡಿಎಫ್‌ಗಳನ್ನು ಎರಡು ದಿನ ಮುಚ್ಚಿಡಿ. ಒಂದು ಖಾಲಿ ಹಾಳೆ ತೆಗೆದುಕೊಂಡು, ನಿಮಗೆ ನಿಜವಾಗಿ ಏನು ತಿಳಿದುಕೊಳ್ಳಬೇಕಾಗಿದೆ ಎಂಬುದನ್ನು ನಿಮ್ಮೂರಿನ ಮಾತಿನಲ್ಲಿ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಮೂರು ಸಾಲು ಬರೆಯಿರಿ. ‘ಸಬಲೀಕರಣ’ ಎಂಬ ಪದ ಮಾತ್ರ ಅದರಲ್ಲಿ ಬರಕೂಡದು. ಎಂ.ಎ. ಕಿರುಪ್ರಬಂಧಗಳ ಮೌಲ್ಯಮಾಪನ ಮಾಡುತ್ತ ವರ್ಷಗಳೇ ಆದವು. ಹೆಚ್ಚಿನವು ಸೋಲುವುದು ಕ್ಷೇತ್ರಕಾರ್ಯದಲ್ಲೂ ಅಲ್ಲ, ಬರವಣಿಗೆಯಲ್ಲೂ ಅಲ್ಲ. ಮೊದಲ ತಿಂಗಳಲ್ಲಿ ಪ್ರಶ್ನೆ ಹುಟ್ಟದೇ ಹೋದದ್ದರಿಂದ ಸೋಲುತ್ತವೆ. ಪ್ರಶ್ನೆ ಇಲ್ಲದವರು ಎಷ್ಟು ಓದಿದರೂ ಅದು ಚೀಲ ತುಂಬುವ ಕೆಲಸ. ಓದದೆ ಪ್ರಶ್ನೆ ಮಾಡಿಕೊಂಡವರು ಹತ್ತು ಜನ ಆಗಲೇ ಉತ್ತರಿಸಿದ್ದನ್ನು ಹನ್ನೊಂದನೇ ಸಲ ಕೇಳುತ್ತಾರೆ. ಹಾಗಾಗಿ ಸಂಶೋಧನೆಯ ರೂಪುರೇಷೆ ಮೊದಲೋ ಸಾಹಿತ್ಯ ಸಮೀಕ್ಷೆ (ಈ ವಿಷಯದ ಮೇಲೆ ಆಗಲೇ ಬಂದ ಅಧ್ಯಯನಗಳ ಅವಲೋಕನ) ಮೊದಲೋ ಎಂದು ಕೂರಬೇಡಿ, ಎರಡೂ ಒಂದೇ ಕೆಲಸ. ಒಂದು ಪ್ರಶ್ನೆ ಹಿಡಿದು ಓದಬೇಕು, ಓದಿದ್ದರ ಬಲದಿಂದ ಆ ಪ್ರಶ್ನೆಯನ್ನು ತಿದ್ದಬೇಕು, ತಿದ್ದಿದ ಪ್ರಶ್ನೆ ಹಿಡಿದು ಮತ್ತೆ ಓದಬೇಕು. ನಾಲ್ಕು ವಾರದಲ್ಲಿ ಮೂರು ಸುತ್ತು ಆದರೂ ಸಾಕು.

ಈಗ ನಿಮ್ಮ ಶೀರ್ಷಿಕೆಗೆ ಬರೋಣ. ‘ಶಕ್ತಿ ಯೋಜನೆ ಮತ್ತು ಮಹಿಳಾ ಸಬಲೀಕರಣ’ ಎಂಬುದರಲ್ಲಿ ಪ್ರಶ್ನೆಯೇ ಇಲ್ಲ. ನಡುವಿನ ‘ಮತ್ತು’ ಎರಡು ದೊಡ್ಡ ಮಾತುಗಳನ್ನು ಪಕ್ಕಪಕ್ಕ ಇಟ್ಟಿದೆ, ಅವುಗಳ ನಡುವೆ ಏನು ಸಂಬಂಧ ಎಂದು ಹೇಳಿಲ್ಲ. ಸಬಲೀಕರಣದ ಬಗ್ಗೆ ಅರ್ಥಶಾಸ್ತ್ರಜ್ಞೆ ನೈಲಾ ಕಬೀರ್ 1999ರಲ್ಲಿ ಬರೆದ ಒಂದು ಲೇಖನವಿದೆ, ಮಹಿಳಾ ಅಧ್ಯಯನ ಓದುವವರೆಲ್ಲ ಅದನ್ನು ದಾಟಿಯೇ ಬರುತ್ತಾರೆ. ಆಯ್ಕೆ ಮಾಡುವ ಶಕ್ತಿಯನ್ನು ಅವರು ಮೂರು ಭಾಗ ಮಾಡುತ್ತಾರೆ: ಕೈಗೆ ಸಿಕ್ಕ ಸಂಪನ್ಮೂಲ, ಅದನ್ನು ಬಳಸಿ ತಾನೇ ತೀರ್ಮಾನ ಮಾಡುವ ಸಾಮರ್ಥ್ಯ, ಕೊನೆಗೆ ಬದುಕಿನಲ್ಲಿ ಆದ ಫಲ. ನಿಮ್ಮ ವಿಷಯಕ್ಕೆ ಇದನ್ನು ಹೊಂದಿಸಿ ನೋಡಿ. ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಸಿಗುವ ಶೂನ್ಯ ದರದ ಟಿಕೆಟ್ ಒಂದು ಸಂಪನ್ಮೂಲ. ಇವತ್ತು ದೇವದುರ್ಗದ ಸಂತೆಗೆ ಹೋಗಬೇಕು ಎಂದು ಆಕೆಯೇ ತೀರ್ಮಾನಿಸಿ ಬಸ್ ಹತ್ತುವುದು ಎರಡನೆಯದು. ಹಾಗೆ ಹತ್ತಿದ್ದರಿಂದ ಕೂಲಿ ಹೆಚ್ಚು ಸಿಕ್ಕಿತೇ, ಬಿಪಿ ಮಾತ್ರೆ ತಪ್ಪದೆ ಸಿಕ್ಕಿತೇ, ಮಗಳು ಕಾಲೇಜು ಬಿಡದೆ ಉಳಿದಳೇ ಎಂಬುದು ಮೂರನೆಯದು. ನಾಲ್ಕು ತಿಂಗಳಲ್ಲಿ ಮೂರನ್ನೂ ಅಳೆಯಲು ನಿಮ್ಮಿಂದಾಗದು, ಒಂದನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಎರಡನೆಯದನ್ನು ಆರಿಸಿಕೊಳ್ಳಿ ಎನ್ನುತ್ತೇನೆ.

ಯಾಕೆಂದರೆ ಅದಕ್ಕೆ ನಮ್ಮ ಭಾಷೆಯಲ್ಲೇ ಒಂದು ಅಳತೆಗೋಲಿದೆ. ಮನೆಯಿಂದ ಹೊರಡುವ ಹೆಂಗಸು ಹೇಳಿ ಹೋಗುತ್ತಾಳೋ, ಕೇಳಿ ಹೋಗುತ್ತಾಳೋ? ‘ಅತ್ತಿ, ಸಂತಿಗೆ ಹೋಗಿ ಬರ್ತೀನಿ’ ಅನ್ನುವುದಕ್ಕೂ ‘ಅತ್ತಿ, ಸಂತಿಗೆ ಹೋಗ್ಲೇನು?’ ಅನ್ನುವುದಕ್ಕೂ ನಡುವೆ ಇರುವ ಅಂತರವೇ ನಿಮ್ಮ ಅಧ್ಯಯನದ ವಿಷಯವಾಗಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಈ ವಿಷಯವನ್ನು ಬೇರೆ ರೀತಿ ಕೇಳುತ್ತದೆ. ಮಾರುಕಟ್ಟೆಗೆ, ಆಸ್ಪತ್ರೆಗೆ, ಊರಿನ ಅಥವಾ ಬಡಾವಣೆಯ ಆಚೆಗೆ ಒಬ್ಬರೇ ಹೋಗಲು ಬಿಡುತ್ತಾರೆಯೇ ಎನ್ನುವುದು ಅದರ ಪ್ರಶ್ನೆ. 2019–21ರ ಸುತ್ತಿನಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಮೂರೂ ಕಡೆಗೆ ಒಬ್ಬರೇ ಹೋಗಬಹುದು ಎಂದವರು 42 ಶೇಕಡಾ ಮಾತ್ರ. ಬಹಳ ಮುಖ್ಯವಾದ ಅಂಕಿ ಇದು, ನಿಮ್ಮ ಸಾಹಿತ್ಯ ಸಮೀಕ್ಷೆಯಲ್ಲಿ ಬರಲೇಬೇಕು. ಆದರೆ ‘ಬಿಡುತ್ತಾರೆಯೇ’ ಎಂದು ಕೇಳಿದಾಗ, ಹೇಳಿ ಹೋಗುವವಳೂ ಕೇಳಿ ಅನುಮತಿ ಪಡೆದು ಹೋಗುವವಳೂ ಇಬ್ಬರೂ ‘ಹೌದು’ ಎಂದೇ ಉತ್ತರಿಸುತ್ತಾರೆ. 49 ದಾಟಿದ ಅತ್ತೆಯಂತೂ ಲೆಕ್ಕದಲ್ಲೇ ಇಲ್ಲ. ಬೇರೆಯವರು ಕಂಡುಕೊಂಡದ್ದನ್ನು ಗೌರವದಿಂದ ಎತ್ತಿ ಹಿಡಿಯುವುದು, ಆಮೇಲೆ ಅವರ ಪ್ರಶ್ನೆಯ ಜರಡಿಯಿಂದ ಏನು ಸೋರಿ ಹೋಯಿತು ಎಂದು ತೋರಿಸುವುದು, ಸಾಹಿತ್ಯ ಸಮೀಕ್ಷೆ ಅಂದರೆ ಈ ಎರಡು ಕೆಲಸ. ಸೋರಿ ಹೋದದ್ದನ್ನು ಹಿಡಿಯಲು ನೀವು ಹೊರಟಿದ್ದೀರಿ.

ಹಾಗಾದರೆ ಒಂದು ಲೇಖನವನ್ನು ಓದುವುದು ಹೇಗೆ? ನಮ್ಮ ಕಿರುಪ್ರಬಂಧಗಳ ಎರಡನೇ ಅಧ್ಯಾಯ, ಅಂದರೆ ಸಾಹಿತ್ಯ ಸಮೀಕ್ಷೆ, ಸಾಮಾನ್ಯವಾಗಿ ‘ಇಂಥವರು ತಮ್ಮ ಅಧ್ಯಯನದಲ್ಲಿ ಹೀಗೆ ಹೇಳಿದ್ದಾರೆ, ಅಂಥವರು ಹಾಗೆ ಹೇಳಿದ್ದಾರೆ’ ಎಂದು ಒಂದೊಂದು ಪ್ಯಾರಾ ಸಾಗುತ್ತದೆ. ಸಾರಾಂಶದ ಭಾಗವನ್ನು ಮಾತ್ರ ಓದಿ ಬರೆದದ್ದು ಎಂದು ಎರಡು ಪುಟ ತಿರುವಿದರೆ ಗೊತ್ತಾಗುತ್ತದೆ. ನೀವು ಪ್ರತಿ ಲೇಖನಕ್ಕೂ ನಾಲ್ಕು ಪ್ರಶ್ನೆ ಕೇಳಿ: ಎಲ್ಲಿ, ಯಾವಾಗ, ಯಾರನ್ನು ನೋಡಿದರು? ಯಾವುದನ್ನು ಯಾವುದರ ಜೊತೆ ಹೋಲಿಸಿದರು? ಏನು ಸಿಕ್ಕಿತು? ಯಾರು ಬಿಟ್ಟುಹೋದರು? ಒಂದು ಎಕ್ಸೆಲ್ ಹಾಳೆಯಲ್ಲಿ ಲೇಖನಕ್ಕೊಂದು ಸಾಲು, ಪ್ರಶ್ನೆಗೊಂದು ಕಾಲಂ ಮಾಡಿ ತುಂಬಿ. ಎಲ್ಲಕ್ಕಿಂತ ಮುಖ್ಯವಾದದ್ದು ಎರಡನೇ ಕಾಲಂ, ಹೋಲಿಕೆಯದ್ದು. ಎಲ್ಲರೂ ಬಿಟ್ಟುಬಿಡುವುದೂ ಅದನ್ನೇ.

ಒಂದು ಉದಾಹರಣೆ ಕೊಡುತ್ತೇನೆ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ದುಡ್ಡು ಕೊಡಲು ಶುರು ಮಾಡಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ 32 ಶೇಕಡಾ ಏರಿತು, ಹುಡುಗ–ಹುಡುಗಿಯರ ನಡುವಿನ ಅಂತರ 40 ಶೇಕಡಾ ತಗ್ಗಿತು ಎಂಬುದು ಅವರ ಫಲಿತಾಂಶ. ಇಷ್ಟನ್ನೇ ಬರೆದುಕೊಂಡರೆ ನಿಮಗೆ ಏನೂ ಸಿಗಲಿಲ್ಲ. ಅವರು ಇದನ್ನು ಹೇಗೆ ಹೇಳಿದರು ಎಂಬುದನ್ನು ನೋಡಿ. ಬಿಹಾರದಲ್ಲಿ ಆ ವರ್ಷಗಳಲ್ಲಿ ರಸ್ತೆ ಆಗುತ್ತಿದ್ದವು, ಹೊಸ ಮೇಷ್ಟ್ರುಗಳು ಬರುತ್ತಿದ್ದರು, ಹುಡುಗಿಯರು ಹೇಗಿದ್ದರೂ ಹೆಚ್ಚು ಸೇರುತ್ತಿದ್ದರೇನೋ. ಆದ್ದರಿಂದ ಹುಡುಗಿಯರನ್ನು ಅದೇ ಊರಿನ ಹುಡುಗರ ಜೊತೆ ಹೋಲಿಸಿದರು, ಸೈಕಲ್ ಸಿಗುವ ವಯಸ್ಸಿನವರನ್ನು ಅದನ್ನು ದಾಟಿದವರ ಜೊತೆ ಹೋಲಿಸಿದರು, ಈ ಎರಡನ್ನೂ ಪಕ್ಕದ ಜಾರ್ಖಂಡ್ ಜೊತೆ ಇಟ್ಟು ನೋಡಿದರು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ ಪರಿಣಾಮ ಹೆಚ್ಚು ಎಂಬುದೂ ಸಿಕ್ಕಿತು. ದೂರವೇ ತೊಡಕಾಗಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ಅಂಥ ಲೆಕ್ಕಾಚಾರ ಮಾಡಲು ನಿಮ್ಮಲ್ಲಿ ದತ್ತಾಂಶವೂ ಇಲ್ಲ, ಸಮಯವೂ ಇಲ್ಲ. ಆದರೆ ‘ಇದು ಯೋಜನೆಯಿಂದಲೇ ಆಯಿತು ಎನ್ನಲು ಯಾವುದರ ಜೊತೆ ಹೋಲಿಸಲಿ?’ ಎಂಬ ಪ್ರಶ್ನೆ ಮನಸ್ಸಿನಲ್ಲಿ ಕೂತರೆ ನಿಮ್ಮ ಇಡೀ ಅಧ್ಯಯನದ ದಾರಿ ಬದಲಾಗುತ್ತದೆ.

ಎಸ್ಟೋನಿಯಾ ದೇಶದ ರಾಜಧಾನಿ ಟ್ಯಾಲಿನ್‌ನಲ್ಲಿ 2013ರಿಂದ ನೋಂದಾಯಿತ ನಿವಾಸಿಗಳಿಗೆ ಸಾರ್ವಜನಿಕ ಸಾರಿಗೆ ಉಚಿತ. ಒಂದು ವರ್ಷದ ನಂತರ ಬಳಕೆ 14 ಶೇಕಡಾ ಏರಿತ್ತು. ಹೊಸದಾಗಿ ಹತ್ತಿದವರು ಎಲ್ಲಿಂದ ಬಂದರು ಎಂದು ನೋಡಿದರೆ, ಹೆಚ್ಚಿನವರು ಅಷ್ಟು ದಿನ ನಡೆದು ಹೋಗುತ್ತಿದ್ದವರು. ನಾನಾದರೆ ಈ ಒಂದು ಸಂಗತಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳುತ್ತಿದ್ದೆ. ನಿಮ್ಮ ತಾಲ್ಲೂಕಿನಲ್ಲಿ ಬಸ್ ಹತ್ತಿದ ಹೆಂಗಸರು ಎಲ್ಲಿಂದ ಬಂದರು? ಮೊದಲು ನಡೆದು ಹೋಗುತ್ತಿದ್ದರೇ, ಟಂಟಂ ಆಟೊದಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಹೋಗುತ್ತಿದ್ದರೇ, ಗಂಡನ ಬೈಕಿನ ಹಿಂದೆ ಕೂರುತ್ತಿದ್ದರೇ, ಇಲ್ಲ ಹೋಗುತ್ತಲೇ ಇರಲಿಲ್ಲವೇ? ಟಂಟಂ ಬಿಟ್ಟು ಬಸ್ ಹತ್ತಿದವಳಿಗೆ ದುಡ್ಡು ಉಳಿಯಿತು. ಬೈಕ್ ಬಿಟ್ಟು ಬಸ್ ಹತ್ತಿದವಳಿಗೆ ಗಂಡನ ಪುರುಸೊತ್ತು ಕಾಯುವುದು ತಪ್ಪಿತು. ಹೋಗುತ್ತಲೇ ಇರದವಳಿಗೆ ಒಂದು ಹೊಸ ಪಯಣ ಹುಟ್ಟಿತು. ಸರ್ಕಾರದ ಲೆಕ್ಕದಲ್ಲಿ ಈ ಮೂವರೂ ಒಂದೊಂದು ಶೂನ್ಯ ಟಿಕೆಟ್ ಮಾತ್ರ. ಯೋಜನೆ ಶುರುವಾದದ್ದು 2023ರ ಜೂನ್ 11ರಂದು, 2025ರ ಜುಲೈಯಲ್ಲಿ 500 ಕೋಟಿ ಉಚಿತ ಪಯಣ ದಾಟಿತು ಎಂದು ಸಂಭ್ರಮಿಸಿದರು. ಆ ಸಂಖ್ಯೆಯನ್ನು ನಿಮ್ಮ ಪೀಠಿಕೆಯಲ್ಲಿ ಹಾಕಿ, ಆದರೆ ಅದು ಟಿಕೆಟ್‌ಗಳ ಎಣಿಕೆ, ಮಹಿಳೆಯರ ಎಣಿಕೆಯಲ್ಲ ಎಂಬ ಮಾತನ್ನು ಪಕ್ಕದಲ್ಲೇ ಬರೆಯಿರಿ. ದಿನಕ್ಕೆ ನಾಲ್ಕು ಬಸ್ ಬದಲಿಸುವ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಗಳೂ ವರ್ಷಕ್ಕೊಮ್ಮೆ ತವರಿಗೆ ಹೋಗುವ ನಿಮ್ಮೂರಿನ ಅಜ್ಜಿಯೂ ಅದರೊಳಗೆ ಕರಗಿಹೋಗಿದ್ದಾರೆ.

ಭಾರತದ ಬೇರೆ ರಾಜ್ಯಗಳ ಅಧ್ಯಯನ ಓದುವಾಗ ಎಲ್ಲ ಕಡೆಯೂ ಉಚಿತ ಬಸ್ ಒಂದೇ ಎಂದು ಮೋಸಹೋಗಬೇಡಿ. ದೆಹಲಿಯಲ್ಲಿ ಮಹಿಳೆಯರ ಉಚಿತ ಬಸ್ ಪಯಣದ ಗುಲಾಬಿ ಟಿಕೆಟ್ ಬಂದದ್ದು 2019ರ ಅಕ್ಟೋಬರ್ 29ರಂದು. ಐದು ತಿಂಗಳಾಗುವಷ್ಟರಲ್ಲಿ ಲಾಕ್‌ಡೌನ್ ಬಂತು. ಹಾಗಾಗಿ ಅಲ್ಲಿ ‘ಮೊದಲು’ ಮತ್ತು ‘ಆಮೇಲೆ’ ನಡುವೆ ಕೋವಿಡ್ ಕೂತಿದೆ. ತಮಿಳುನಾಡಿನಲ್ಲಿ 2021ರಲ್ಲಿ ಶುರುವಾದದ್ದು ಸಾಧಾರಣ ದರ್ಜೆಯ ಟೌನ್ ಬಸ್‌ಗಳಿಗೆ ಸೀಮಿತ. ನಮ್ಮಲ್ಲಿ ರಾಜ್ಯದೊಳಗೆ ಸಾಮಾನ್ಯ ಬಸ್ಸಷ್ಟೇ ಅಲ್ಲ, ವೇಗದೂತಕ್ಕೂ ಅನ್ವಯಿಸುತ್ತದೆ. ದೇವದುರ್ಗದಿಂದ ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬದ ಹೆಂಗಸಿಗೂ ಸಿಗುತ್ತದೆ. ತಮಿಳುನಾಡಿನ ಅಧ್ಯಯನದಲ್ಲಿ ತಿಂಗಳಿಗೆ ಇಷ್ಟು ಉಳಿತಾಯ ಎಂದು ಬಂದರೆ ಅದು ಊರು–ಪಟ್ಟಣದ ನಡುವಿನ ದಿನದ ಓಡಾಟದ ಉಳಿತಾಯ. ನಿಮ್ಮಲ್ಲಿ ಗುಳೆ ಹೋಗುವವರ ದೂರದ ಪಯಣವೂ ಸೇರುತ್ತದೆ. ಇದನ್ನು ಒಂದೇ ಪ್ಯಾರಾದಲ್ಲಿ ಬಿಡಿಸಿ ಬರೆದರೂ ಸಾಕು, ಪರೀಕ್ಷಕರಿಗೆ ನೀವು ನಿಜವಾಗಿ ಓದಿದ್ದೀರಿ ಎಂದು ಅರ್ಥವಾಗುತ್ತದೆ.

ಉಚಿತ ಬಸ್ಸಿನ ಬಗ್ಗೆ ಮಾತ್ರ ಹುಡುಕುವುದು ಇನ್ನೊಂದು ತಪ್ಪು. ನಿಮ್ಮ ಪ್ರಶ್ನೆ ಹೆಣ್ಣಿನ ಓಡಾಟದ ಬಗ್ಗೆ ಇದ್ದರೆ, ಬಸ್ಸೇ ಇಲ್ಲದ ಓದು ಕೂಡ ಬೇಕು. ರಾಹುಲ್ ಗೋಯಲ್ ಅವರು 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯನ್ನು ಬಳಸಿ ನಗರ ಭಾರತದ ಬಗ್ಗೆ ಬರೆದಿದ್ದಾರೆ. ಸಮೀಕ್ಷೆಯ ದಿನ ಮನೆಯಿಂದ ಹೊರಗೆ ಕಾಲಿಟ್ಟ ಗಂಡಸರು 87 ಶೇಕಡಾ, ಹೆಂಗಸರು 47 ಶೇಕಡಾ. ಅರ್ಧಕ್ಕಿಂತ ಹೆಚ್ಚು ಹೆಂಗಸರು ಆ ದಿನ ಹೊಸ್ತಿಲು ದಾಟಿರಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರ ಬಗ್ಗೆ ಗಿರಿಜಾ ಬೋರ್ಕರ್ ಮಾಡಿದ ಅಧ್ಯಯನದಲ್ಲಿ, ದಾರಿ ಸುರಕ್ಷಿತವಾಗಿರಲಿ ಎಂಬ ಒಂದೇ ಕಾರಣಕ್ಕೆ ಹುಡುಗಿಯರು ತಮ್ಮ ಅಂಕಕ್ಕೆ ಸಿಗುತ್ತಿದ್ದ ಒಳ್ಳೆಯ ಕಾಲೇಜು ಬಿಟ್ಟು ಕೆಳಗಿನ ಕಾಲೇಜು ಆರಿಸುವುದು, ಹೆಚ್ಚು ಖರ್ಚಿನ ದಾರಿ ಹಿಡಿಯುವುದು ಕಂಡುಬಂತು. ಹಾಗಾದರೆ ಟಿಕೆಟ್ ದರ ಹಲವು ತೊಡಕುಗಳಲ್ಲಿ ಒಂದು ಮಾತ್ರ. ಇವೆರಡೂ ನಗರದ ಅಧ್ಯಯನಗಳು. ದಿನಕ್ಕೆ ಎರಡೇ ಸಲ ಬಸ್ ಬರುವ ಹಳ್ಳಿಯಲ್ಲಿ, ಅದೂ ಕ್ರೂಸರ್ ಜೀಪಿನಲ್ಲಿ ಗುಂಪಾಗಿ ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರ ನಡುವೆ, ಈ ಮಾತು ಎಷ್ಟು ನಿಲ್ಲುತ್ತದೆ? ಸಿನಾಪ್ಸಿಸ್‌ನಲ್ಲಿ ‘ಸಂಶೋಧನಾ ಅಂತರ’ ಎಂದು ಬರೆಯಿಸುತ್ತಾರಲ್ಲ, ಅದು ಇಂಥ ಜಾಗದಲ್ಲಿ ಸಿಗುತ್ತದೆ. ‘ಈ ವಿಷಯದ ಬಗ್ಗೆ ಅಧ್ಯಯನಗಳು ಕಡಿಮೆ’ ಎಂದು ಬರೆದುಬಿಟ್ಟರೆ ಅಂತರ ತೋರಿಸಿದ ಹಾಗಾಗುವುದಿಲ್ಲ.

ಹುಡುಕುವ ಬಗ್ಗೆ ಚುಟುಕಾಗಿ ಹೇಳುತ್ತೇನೆ, ನಿಮ್ಮ ವಯಸ್ಸಿನವರಿಗೆ ಅದು ನನಗಿಂತ ಚೆನ್ನಾಗಿ ಬರುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ‘ಶಕ್ತಿ ಸ್ಕೀಮ್’ ಜೊತೆಗೆ ‘ಫೇರ್ ಫ್ರೀ ಪಬ್ಲಿಕ್ ಟ್ರಾನ್ಸ್‌ಪೋರ್ಟ್’, ‘ಜೆಂಡರ್ ಅಂಡ್ ಮೊಬಿಲಿಟಿ’ ಎಂದೂ ಇಂಗ್ಲಿಷಿನಲ್ಲಿ ಟೈಪಿಸಿ ಹುಡುಕಿ. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಕೊನೆಯ ಗ್ರಂಥಋಣದಿಂದ ಹಿಂದಕ್ಕೆ ಹೋಗಿ, ‘ಸೈಟೆಡ್ ಬೈ’ ಒತ್ತಿ ಮುಂದಕ್ಕೆ ಬನ್ನಿ. ಹೊಸ ಲೇಖನ ತೆರೆದಾಗಲೆಲ್ಲ ಆಗಲೇ ಕಂಡ ಹೆಸರುಗಳೇ ಬರತೊಡಗಿದರೆ ಆ ದಿಕ್ಕಿನಲ್ಲಿ ಸಾಕು ಎಂದರ್ಥ. ಶೋಧಗಂಗಾ ಎಂಬ ಜಾಲತಾಣದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳು ಪೂರ್ತಿ ಸಿಗುತ್ತವೆ, ಕನ್ನಡದಲ್ಲಿ ಬರೆದವೂ ಇವೆ. ಹೈದರಾಬಾದ್ ಕರ್ನಾಟಕ, ಕಲ್ಯಾಣ ಕರ್ನಾಟಕ ಎರಡೂ ಹೆಸರಿನಲ್ಲಿ ಹುಡುಕಿ. ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ) ಸಂಸ್ಥೆಯ ವರ್ಕಿಂಗ್ ಪೇಪರ್‌ಗಳು ಉಚಿತ. ಪ್ರಾದೇಶಿಕ ಅಸಮಾನತೆಯ ಬಗ್ಗೆ 2002ರಲ್ಲಿ ಬಂದ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು ಎಂದ 39ರಲ್ಲಿ ನಿಮ್ಮ ದೇವದುರ್ಗವೂ ಇದೆ. ಅದನ್ನು ಓದದೆ ಈ ತಾಲ್ಲೂಕಿನ ಬಗ್ಗೆ ಬರೆಯಬಾರದು. ಎಐ ಚಾಟ್‌ಬಾಟ್‌ಗಳನ್ನು ಕೇಳಿ ಗ್ರಂಥಋಣ ತುಂಬಿಸಿಕೊಳ್ಳುವುದಂತೂ ಬೇಡ. ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರು ಅಂಟಿಸಿ ಕೊಡುತ್ತವೆ. ನೀವೇ ತೆರೆದು ಓದದ ಒಂದು ಲೇಖನವೂ ನಿಮ್ಮ ಪಟ್ಟಿಯಲ್ಲಿ ಇರಕೂಡದು. ಇಂಗ್ಲಿಷಿನ ಪ್ಯಾರಾವನ್ನು ಕನ್ನಡಕ್ಕೆ ತಿರುಗಿಸಿ ಹೆಸರು ಹೇಳದೆ ಹಾಕಿದರೆ ಸಾಫ್ಟ್‌ವೇರ್ ಹಿಡಿಯದೇ ಇರಬಹುದು, ಆದರೂ ಅದು ಕೃತಿಚೌರ್ಯವೇ.

ಟಿಪ್ಪಣಿಗಳ ಬಗ್ಗೆ ಒಂದು ಮಾತು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದರು, ಅದನ್ನು ರಾಂಪುರ ಎಂದು ಕರೆದರು. ಹದಿನೆಂಟು ವರ್ಷ ಜೋಡಿಸಿ ಅಣಿಮಾಡಿದ ಟಿಪ್ಪಣಿಗಳ ಮೂರೂ ಪ್ರತಿಗಳು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೆಲಸದ ಕೊಠಡಿಯಲ್ಲೇ ಇದ್ದವು. 1970ರ ಏಪ್ರಿಲ್ 24ರಂದು ಅಲ್ಲಿಗೆ ಯಾರೋ ಬೆಂಕಿ ಇಟ್ಟರು. ಆಮೇಲೆ ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಅವರಿಗೆ ಅಷ್ಟು ದಿನ ಆ ಊರಿನಲ್ಲಿ ಬದುಕಿದ ನೆನಪಿತ್ತು. ಎರಡು ವಾರ ಹೋಗಿ ಬರುವ ನಮಗೆ ಆ ನೆನಪು ಇರುವುದಿಲ್ಲ. ದಿನವೂ ಸಂಜೆ ಟಿಪ್ಪಣಿ ಪುಸ್ತಕದ ಫೋಟೋ ತೆಗೆದು ನಿಮ್ಮ ಈಮೇಲ್‌ಗೆ ಕಳಿಸಿಕೊಳ್ಳಿ, ಒಂದು ಪೆನ್‌ಡ್ರೈವ್ ಬೇರೆ ಮನೆಯಲ್ಲಿಡಿ. ಓದಿನ ಟಿಪ್ಪಣಿಗಳಿಗೆ ಜೊಟೆರೊ ಎಂಬ ಉಚಿತ ಸಾಫ್ಟ್‌ವೇರ್ ಸಾಕು.

ಇಷ್ಟಾದ ಮೇಲೆ ಬರೆಯುವುದು. ಲೇಖಕರ ಹೆಸರಿನ ಸಾಲಿನಲ್ಲಿ ಬರೆಯಬೇಡಿ, ಪ್ರಶ್ನೆಗಳ ಸಾಲಿನಲ್ಲಿ ಬರೆಯಿರಿ. ಹೆಣ್ಣು ಹೊರಗೆ ಹೋಗುವುದನ್ನು ಏನೇನು ತಡೆಯುತ್ತದೆ ಎಂಬುದು ಒಂದು ಭಾಗ. ಅಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆಯೂ ಗೋಯಲ್ ಅವರೂ ಬೋರ್ಕರ್ ಅವರೂ ಒಟ್ಟಿಗೆ ಕೂತು ಮಾತಾಡಬೇಕು. ದರ ಇಳಿಸಿದರೆ ಏನಾಗುತ್ತದೆ ಎಂಬುದು ಇನ್ನೊಂದು. ಅಲ್ಲಿ ಟ್ಯಾಲಿನ್, ದೆಹಲಿ, ತಮಿಳುನಾಡು ಬರಬೇಕು. ಹೊರಗೆ ಹೋಗುವುದಕ್ಕೂ ತೀರ್ಮಾನ ಮಾಡುವುದಕ್ಕೂ ಏನು ಸಂಬಂಧ ಎಂಬುದು ಮೂರನೆಯದು, ಕಬೀರ್ ಅಲ್ಲಿ ಬರುತ್ತಾರೆ. ಪ್ರತಿ ಭಾಗದ ಕೊನೆಯಲ್ಲಿ ‘ಇಷ್ಟು ಗೊತ್ತಾಗಿದೆ, ಇದು ಇನ್ನೂ ಗೊತ್ತಾಗಿಲ್ಲ’ ಎಂದು ಎರಡು ವಾಕ್ಯವಿರಲಿ. ಇಬ್ಬರು ಲೇಖಕರು ಒಪ್ಪದ ಕಡೆ ಮುಚ್ಚಿಡಬೇಡಿ, ಅಲ್ಲೇ ನಿಂತು ಯಾಕೆ ಒಪ್ಪುತ್ತಿಲ್ಲ ಎಂದು ಹುಡುಕಿ. ಹೀಗೆ ಬರೆದರೆ ಹದಿನೈದು ಪುಟವಾಗಬಹುದು, ಮೂವತ್ತಾಗದು. ಮೇಡಂ ಅವರಿಗೆ ಆ ಎಕ್ಸೆಲ್ ಹಾಳೆ ಸಮೇತ ತೋರಿಸಿ. ಪುಟದ ಲೆಕ್ಕ ಕೇಳುವ ಗೈಡ್‌ಗಳು ಸಾಮಾನ್ಯವಾಗಿ ಕೇಳುತ್ತಿರುವುದು ‘ಓದಿದ್ದೀಯಾ?’ ಎಂದೇ.

ಇನ್ನು ಬಸ್ ನಿಲ್ದಾಣದ 200 ಪ್ರಶ್ನಾವಳಿ. ಇದನ್ನು ದಯವಿಟ್ಟು ಕೈಬಿಡಿ. ನಿಲ್ದಾಣದಲ್ಲಿ ಸಿಗುವವರು ಆಗಲೇ ಮನೆ ಬಿಟ್ಟು ಬಂದವರು. ವಾರಕ್ಕೆ ಆರು ದಿನ ಬರುವವಳು ನಿಮಗೆ ಸಿಗುವ ಸಾಧ್ಯತೆ ತಿಂಗಳಿಗೊಮ್ಮೆ ಬರುವವಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಬರಲಾಗದವಳು ಸಿಗುವುದೇ ಇಲ್ಲ. ಅಲ್ಲಿ ನಿಂತು ‘ಯೋಜನೆಯಿಂದ ಓಡಾಟ ಹೆಚ್ಚಿದೆಯೇ?’ ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಜನ ಹೌದು ಅನ್ನುತ್ತಾರೆ, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಮನೆಗೆ ಹೋಗಬೇಕು.

ಮೂರು ಊರು ಆರಿಸಿಕೊಳ್ಳಿ: ಮುಖ್ಯ ರಸ್ತೆಯ ಮೇಲಿದ್ದು ಬಸ್ ಮೇಲೆ ಬಸ್ ಬರುವ ಒಂದು, ದಿನಕ್ಕೆ ಒಂದೆರಡು ಸಲ ಮಾತ್ರ ಬರುವ ಒಂದು, ಬಸ್ಸೇ ಬಾರದ ಒಂದು ಊರು ಅಥವಾ ತಾಂಡಾ. ಈ ಆಯ್ಕೆಯೇ ನಿಮ್ಮ ಹೋಲಿಕೆ. ಮೂರೂ ಊರಿನ ಹೆಂಗಸರಿಗೆ ಟಿಕೆಟ್ ಉಚಿತ, ಹತ್ತಲು ಬಸ್ ಇರುವುದು ಕೆಲವರಿಗೆ. 2011ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಯಾವ ಊರಿಗೆ ಬಸ್ ಸೌಲಭ್ಯವಿದೆ ಎಂದು ಊರುವಾರು ಪಟ್ಟಿಯಿದೆ. ಅದು ಹಳೆಯದು, ಮುಂದಿನ ಜನಗಣತಿಯ ಅಂಕಿಗಳು ನಿಮ್ಮ ಕೆಲಸಕ್ಕೆ ಸಿಗವು. ಆದ್ದರಿಂದ ದೇವದುರ್ಗದ ಡಿಪೋಗೆ ಹೋಗಿ ಈಗಿನ ಶೆಡ್ಯೂಲ್ ಕೇಳಿ ತಾಳೆ ನೋಡಿ. ಊರಿನಲ್ಲಿ ಮನೆ ಆರಿಸಲು ಅಂಗನವಾಡಿ ಕಾರ್ಯಕರ್ತೆಯ ಕುಟುಂಬ ಸಮೀಕ್ಷೆಯ ರಿಜಿಸ್ಟರ್ ನೋಡಲು ಒಪ್ಪಿಗೆ ಕೇಳಿ. ಮತದಾರರ ಪಟ್ಟಿ ಹಿಡಿದರೆ ಹೊಸದಾಗಿ ಬಂದ ಸೊಸೆ ಬಿಟ್ಟುಹೋಗಬಹುದು, ನಿಮಗೆ ಬೇಕಾದವಳು ಅವಳೇ. 180 ಮನೆಯಿದ್ದರೆ ಒಂಬತ್ತಕ್ಕೊಂದರಂತೆ 20 ಮನೆ. ಮೂರು ಊರಿಗೆ 60. ಅವರಲ್ಲಿ ಎಂಟು ಹತ್ತು ಜನರ ಜೊತೆ ಎರಡನೇ ಸಲ ಹೋಗಿ ಬಿಡುವಾಗಿ ಕೂತು ಮಾತಾಡಿ. ಬೀಗ ಹಾಕಿದ ಮನೆಗಳನ್ನು ಬಿಟ್ಟು ಪಕ್ಕದ ಮನೆಗೆ ಹೋಗಿಬಿಡಬೇಡಿ, ಎಷ್ಟು ಬೀಗ, ಎಲ್ಲಿಗೆ ಹೋಗಿದ್ದಾರೆ ಎಂದು ಬರೆದುಕೊಳ್ಳಿ. ನಿಮ್ಮ ತಾಲ್ಲೂಕಿನಲ್ಲಿ ಆ ಬೀಗಗಳೂ ಈ ಯೋಜನೆಯ ಕಥೆಯೊಳಗೇ ಇವೆ. 60 ಜನರ ಉತ್ತರದಿಂದ ರಾಜ್ಯದ ಬಗ್ಗೆ ಶೇಕಡಾವಾರು ಹೇಳಲಾಗದು, ಅದನ್ನು ಮೊದಲೇ ಸ್ಪಷ್ಟವಾಗಿ ಬರೆದುಬಿಡಿ. ಮೂರು ಬಗೆಯ ಊರಿನಲ್ಲಿ ಹೆಂಗಸರ ತೀರ್ಮಾನಗಳು ಹೇಗೆ ಬೇರೆಯಾಗಿವೆ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು.

‘ಯೋಜನೆಗೆ ಮೊದಲು ಎಷ್ಟು ಸಲ ಹೋಗುತ್ತಿದ್ದಿರಿ?’ ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ನಿಮ್ಮ ಮನಸ್ಸು ನೋಯಿಸಬಾರದೆಂದು ಏನೋ ಒಂದು ಹೇಳುತ್ತಾರೆ. ಕೊನೆಯ ಮೂರು ಪಯಣ ಕೇಳಿ. ಎಲ್ಲಿಗೆ, ಯಾಕೆ, ಯಾರ ಜೊತೆ, ಯಾವುದರಲ್ಲಿ, ಹೊರಡುವಾಗ ಮನೆಯಲ್ಲಿ ಏನೆಂದು ಹೇಳಿದಿರಿ? ಹಳೆಯದನ್ನು ನೆನಪಿಸಲು ಊರಿನ ಜಾತ್ರೆ, ಮನೆಯ ಮದುವೆ, ಬಾಣಂತನ ಹಿಡಿದು ಕೇಳಿ: ‘ಬಸ್ ಫ್ರೀ ಆಗೋಕಿಂತ ಮುಂಚಿನ ಜಾತ್ರಿಗೆ ತವರಿಗೆ ಹೆಂಗ ಹೋಗಿದ್ರಿ?’ ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ಇಳಿಸಬೇಡಿ. ‘ನೀವು ಮನೆಯಿಂದ ಹೊರಹೋಗಲು ಅನುಮತಿ ಪಡೆಯುತ್ತೀರಾ?’ ಎಂಬ ವಾಕ್ಯ ನಿಮ್ಮೂರಿನ ಯಾವ ಕಟ್ಟೆಯ ಮೇಲೂ ಕೇಳಿಬರುವುದಿಲ್ಲ. ‘ಹೇಳಿ ಹೋಗ್ತೀರೋ, ಕೇಳಿ ಹೋಗ್ತೀರೋ?’ ಎಂದರೆ ಆಕೆ ನಗುತ್ತಾಳೆ, ಅಲ್ಲಿಂದ ಮಾತು ಶುರುವಾಗುತ್ತದೆ. ಅತ್ತೆಯ ಎದುರಿಗೆ ಮಾತ್ರ ಇದನ್ನು ಕೇಳಬೇಡಿ. ಉತ್ತರ ಸುಳ್ಳಾಗುತ್ತದೆ ಎಂಬುದು ಸಣ್ಣ ಕಾರಣ, ನೀವು ಎದ್ದು ಬಂದ ಮೇಲೆ ಆಕೆಗೆ ಮನೆಯಲ್ಲಿ ಏನು ಕಾದಿದೆಯೋ ಗೊತ್ತಿಲ್ಲ ಎಂಬುದು ದೊಡ್ಡ ಕಾರಣ. ಹೆಸರು ಬರೆಯುವುದಿಲ್ಲ, ಬೇಡವೆನಿಸಿದರೆ ಉತ್ತರಿಸದೇ ಇರಬಹುದು, ಇದರಿಂದ ಯಾವ ಸರ್ಕಾರಿ ಸೌಲಭ್ಯ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ. ಈ ಮೂರು ಮಾತನ್ನು ಪ್ರತಿ ಮನೆಯಲ್ಲೂ ಮೊದಲು ಹೇಳಿ.

ಒಂದು ಎಚ್ಚರಿಕೆ. 2023ರ ಆಗಸ್ಟ್ 30ರಂದು, ಅಂದರೆ ಉಚಿತ ಬಸ್ ಬಂದು ಮೂರು ತಿಂಗಳಾಗುವ ಮೊದಲೇ, ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಶುರುವಾಯಿತು. ಅದೇ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವಾದವು. ‘ಈಗ ಕೈಯಲ್ಲಿ ನಾಲ್ಕು ಕಾಸಿದೆ’ ಎಂದು ಒಬ್ಬಳು ಹೇಳಿದರೆ ಅದು ಬಸ್ಸಿನಿಂದ ಉಳಿದದ್ದೋ, ಗೃಹಲಕ್ಷ್ಮಿಯಿಂದ ಬಂದದ್ದೋ? ‘ದೂರದ ಊರಿಗೆ ಕೂಲಿಗೆ ಹೋಗ್ತಿದ್ದೀನಿ’ ಎಂದರೆ ಅದು ಉಚಿತ ಟಿಕೆಟ್ ಕೊಟ್ಟ ಧೈರ್ಯವೋ, ಊರಲ್ಲಿ ಕೆಲಸವಿಲ್ಲದ ಕಷ್ಟವೋ? ನೀವು ಪೂರ್ತಿ ಬಿಡಿಸಲಾರಿರಿ. ಆದರೆ ಮನೆಯ ಯಜಮಾನಿ ಎಂದು ರೇಷನ್ ಕಾರ್ಡಿನಲ್ಲಿರುವ ಅತ್ತೆಗೆ ಗೃಹಲಕ್ಷ್ಮಿ ಹಣ ಬರುತ್ತದೆ, ಸೊಸೆಗೆ ಟಿಕೆಟ್ ಮಾತ್ರ ಸಿಗುತ್ತದೆ. ಒಂದೇ ಮನೆಯ ಈ ಇಬ್ಬರನ್ನು ಹೋಲಿಸಿದರೆ ನಿಮಗೆ ಬೇರೆ ಯಾರಿಗೂ ಸಿಗದ ಒಂದು ಕಿಂಡಿ ತೆರೆಯುತ್ತದೆ. ಅದಕ್ಕೇ ಆಗಲೇ 49 ದಾಟಿದವರ ಮಾತು ತೆಗೆದದ್ದು.

ಸಮಯ ಹೀಗೆ ಹಂಚಿಕೊಳ್ಳಿ: ಓದು, ಪ್ರಶ್ನೆ, ಊರುಗಳ ಆಯ್ಕೆಗೆ ನಾಲ್ಕು ವಾರ. ಪ್ರಶ್ನಾವಳಿಯ ಪೂರ್ವಪರೀಕ್ಷೆಗೆ ಒಂದು ವಾರ. ಕ್ಷೇತ್ರಕ್ಕೆ ಐದು ವಾರ, ಮೆಣಸಿನಕಾಯಿ ಬಿಡಿಸುವ ಕಾಲವಾದರೆ ಹಗಲು ಯಾರೂ ಸಿಗುವುದಿಲ್ಲ, ಸಂಜೆ ಅಡುಗೆಗೆ ಮುಂಚಿನ ಒಂದು ಗಂಟೆಯನ್ನೇ ನಂಬಿ. ಉಳಿದ ಆರು ವಾರ ಬರೆಯಲು. ಬರೆಯುವಾಗ ಎರಡನೇ ಅಧ್ಯಾಯಕ್ಕೆ ಮತ್ತೆ ಹೋಗಬೇಕಾಗುತ್ತದೆ, ಕ್ಷೇತ್ರದಲ್ಲಿ ಕಂಡದ್ದು ಓದಿದ್ದನ್ನು ತಿದ್ದಿರುತ್ತದೆ.

ನಿಮ್ಮ ಊರಲ್ಲೇ ಮಾಡಬಹುದಾ ಎಂದು ಕೇಳಿದ್ದೀರಿ. ಆ ಮೂರರಲ್ಲಿ ನಿಮ್ಮ ಊರು ಬೇಡ. ಅಲ್ಲಿ ನೀವು ಇಂಥವರ ಮಗಳು, ಕೇಳಿ ಹೋಗುವ ಸೊಸೆ ನಿಮಗೆ ಹೇಳಿ ಹೋಗುತ್ತೇನೆ ಎನ್ನುತ್ತಾಳೆ, ಮಾತು ನಿಮ್ಮ ಅವ್ವನ ಕಿವಿಗೆ ಬಿದ್ದೀತು ಎಂದು. ಆದರೆ ಪೂರ್ವಪರೀಕ್ಷೆಗೆ ನಿಮ್ಮೂರಿಗಿಂತ ಒಳ್ಳೆಯ ಜಾಗವಿಲ್ಲ. ಪ್ರಶ್ನಾವಳಿಯನ್ನು ನಿಮ್ಮ ಅವ್ವ, ಅಜ್ಜಿ, ಓಣಿಯ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ. ಎಲ್ಲಿ ಅವರು ‘ಹಂಗಂದ್ರೇನವ್ವಾ?’ ಅನ್ನುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬನ್ನಿ.